ಎಟಿವಿ ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಯುವುದು ಹೇಗೆ?

"ಬ್ರೇಕ್ ಆಯಿಲ್ ಡಬ್ಬಿ ತುಂಬಿದೆ, ಪ್ಯಾಡ್ ಹೊಸದು, ಆದರೂ ಲಿವರ್ ಹ್ಯಾಂಡಲ್‌ವರೆಗೂ ಹೋಗಿಬಿಡುತ್ತದೆ. ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದೆ. ಏನಾಗಿರಬಹುದು?" ಕಾಫಿ ತೋಟದಲ್ಲಿ, ಹೋಮ್‌ಸ್ಟೇಯಲ್ಲಿ ಎಟಿವಿ (ಗುಡ್ಡ, ಕೆಸರಿನಲ್ಲೂ ಓಡುವ, ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ತೆರೆದ ಗಾಡಿ) ಇಟ್ಟುಕೊಂಡವರು ಕೇಳುತ್ತಲೇ ಇರುವ ಪ್ರಶ್ನೆ ಇದು. ಮಳೆಗಾಲ ಮುಗಿಯುತ್ತಿದ್ದಂತೆ ಕೇಳುವವರು ಇನ್ನೂ ಹೆಚ್ಚು. ಉತ್ತರ ಹೆಚ್ಚುಕಡಿಮೆ ಪ್ರತಿಸಲವೂ ಅದೇ: ಬ್ರೇಕ್ ಪೈಪಿನೊಳಗೆ ಗಾಳಿ ಸೇರಿದೆ, ಇಲ್ಲವೇ ಆಯಿಲ್ ಹಳತಾಗಿ ನೀರು ಕುಡಿದಿದೆ. ಎರಡಕ್ಕೂ ಮದ್ದು ಒಂದೇ. ಹಳೆ ಆಯಿಲನ್ನು ಕೊನೆಯ ಹನಿಯವರೆಗೂ ಹೊರಹಾಕಿ, ಹೊಸದನ್ನು ತುಂಬಿ, ಏರ್ ತೆಗೆಯಬೇಕು. ಗ್ಯಾರೇಜಿನವರು ಇದನ್ನೇ ಬ್ಲೀಡಿಂಗ್ ಅನ್ನುತ್ತಾರೆ.

ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಸಮಾಧಾನದಿಂದ ಮಾಡಿದರೆ ಅರ್ಧ ದಿನ ಬೇಕು. ಆದರೆ ಬ್ರೇಕಿನ ಕೆಲಸದಲ್ಲಿ "ಇಷ್ಟಾದರೆ ಸಾಕು" ಅನ್ನುವ ಮಾತಿಗೆ ಜಾಗವಿಲ್ಲ. ಟ್ರ್ಯಾಕ್ಟರ್ ಎಂದು ನೋಂದಣಿಯಾಗುವ ಒಂದೆರಡು ಮಾದರಿ ಬಿಟ್ಟರೆ ನಮ್ಮಲ್ಲಿ ಎಟಿವಿಗಳು ರಸ್ತೆಗೆ ಇಳಿಯುವ ಗಾಡಿಗಳಲ್ಲ. ಹಾಗಾಗಿ ಜೀಪಿಗೋ ಲಾರಿಗೋ ಇರುವಂತೆ ಎಫ್‌ಸಿ ಪರೀಕ್ಷೆ ಇವಕ್ಕಿಲ್ಲ. ಗಾಡಿಯ ಬ್ರೇಕ್ ಸರಿಯಿದೆಯೇ ಎಂದು ನೋಡಬೇಕಾದವರು ನೀವೊಬ್ಬರೇ. ಅದರ ಮೇಲೆ ಕೂರುವವರು ಮೊದಲ ಸಲ ಎಟಿವಿ ಮುಟ್ಟುತ್ತಿರುವ ಅತಿಥಿಗಳು, ಇಲ್ಲವೇ ಇಳಿಜಾರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಬರುವ ತೋಟದ ಹುಡುಗರು.

ಆಯಿಲ್ ಹಾಳಾಗುವುದು ಹೇಗೆ

ಲಿವರ್ ಒತ್ತಿದಾಗ ಹ್ಯಾಂಡಲ್ ಮೇಲಿರುವ ಸಣ್ಣ ಪಂಪು ಆಯಿಲನ್ನು ತಳ್ಳುತ್ತದೆ. ಇದು ಮಾಸ್ಟರ್ ಸಿಲಿಂಡರ್. ಆ ಒತ್ತಡ ಪೈಪಿನ ಮೂಲಕ ಚಕ್ರದ ಹತ್ತಿರದ ಕ್ಯಾಲಿಪರ್‌ಗೆ ಹೋಗುತ್ತದೆ. ಕ್ಯಾಲಿಪರ್ ಎಂದರೆ ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವ ಭಾಗ. ಆಯಿಲನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಅದಕ್ಕೇ ಕೈಯ ಬಲ ನೇರವಾಗಿ ಪ್ಯಾಡಿಗೆ ತಲುಪುತ್ತದೆ. ಗಾಳಿ ಹಾಗಲ್ಲ, ಕುಗ್ಗುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಇದ್ದರೂ ನಿಮ್ಮ ಕೈಯ ಬಲ ಮೊದಲು ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ. ಲಿವರ್ ಸ್ಪಾಂಜಿನಂತೆ ಮೆತ್ತಗಾಗುವುದು ಇದರಿಂದ.

ಇನ್ನು ನೀರಿನ ವಿಷಯ. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಂಜಿನ್ ಆಯಿಲಿನಂಥ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಡಬ್ಬಿಯ ಮುಚ್ಚಳ ಭದ್ರವಾಗಿದ್ದರೂ ರಬ್ಬರ್ ಪೈಪಿನ ಮೂಲಕ ತೇವ ನಿಧಾನವಾಗಿ ಒಳಗಿಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದೇ ಆಯಿಲಿಗೆ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಇದ್ದದ್ದು 140 ಆಗುತ್ತದೆ.

ಇಬ್ಬರನ್ನು ಕೂರಿಸಿಕೊಂಡು ಗುಡ್ಡದ ತುದಿಯಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ಡಿಸ್ಕು ಕೆಂಡದಂತೆ ಕಾಯುತ್ತದೆ. ಆ ಕಾವು ಪ್ಯಾಡು, ಅದನ್ನು ಒತ್ತುವ ಪಿಸ್ಟನ್ ದಾಟಿ ಆಯಿಲಿಗೆ ಬಂದಾಗ ಒಳಗಿನ ನೀರು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುವುದರಿಂದ ಲಿವರ್ ಒಮ್ಮೆಲೇ ಕೈಗೆ ಸಡಿಲವಾಗಿ ಬರುತ್ತದೆ. ಇದರಲ್ಲಿ ಮೋಸ ಏನೆಂದರೆ, ಕೆಳಗೆ ಬಂದು ಹತ್ತು ನಿಮಿಷ ಗಾಡಿ ನಿಲ್ಲಿಸಿದರೆ ಆವಿ ಮತ್ತೆ ನೀರಾಗಿ ಬ್ರೇಕ್ ಮೊದಲಿನಂತೆ ಹಿಡಿಯುತ್ತದೆ. "ಆಗ ಏನೋ ಆಗಿತ್ತು, ಈಗ ಸರಿಹೋಗಿದೆ" ಎಂದು ಗಾಡಿಯನ್ನು ಮತ್ತೆ ಗುಡ್ಡ ಹತ್ತಿಸುತ್ತಾರೆ. ಸರಿ ಏನೂ ಹೋಗಿರುವುದಿಲ್ಲ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಗಾಡಿಯ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯ ಮಳೆ, ಕೆಸರು ಕಂಡ ಗಾಡಿಗೆ ವರ್ಷಕ್ಕೊಮ್ಮೆ ಮಾಡಿಸಿ ಎನ್ನುತ್ತೇನೆ. ಆಯುಧಪೂಜೆಗೆ ಗಾಡಿ ತೊಳೆಯುತ್ತೀರಲ್ಲ, ಅದೇ ವಾರ ಮಾಡಿ. ಮಳೆಯ ಜೋರು ಇಳಿದಿರುತ್ತದೆ, ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಗಾಡಿ ಸಿದ್ಧವಾಗಿರುತ್ತದೆ.

ಯಾವ ಆಯಿಲ್?

ಗಾಡಿಯಲ್ಲೇ ಇರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ನೋಡಿ. ಡಾಟ್ 3 ಅಥವಾ ಡಾಟ್ 4 ಎಂದು ಅಚ್ಚಾಗಿರುತ್ತದೆ. ಈಗಿನ ಎಟಿವಿಗಳಲ್ಲಿ ಹೆಚ್ಚಿನವಕ್ಕೆ ಡಾಟ್ 4. ಮುಚ್ಚಳದ ಮೇಲೆ ಇರುವುದನ್ನೇ ಹಾಕಿ.

ಜನ ಎಡವುವುದು ಡಾಟ್ 5 ಮತ್ತು ಡಾಟ್ 5.1 ನಡುವೆ. ಹೆಸರು ಒಂದೇ ತರಹ ಕೇಳಿಸಿದರೂ ಎರಡೂ ಬೇರೆ ಬೇರೆ ವಸ್ತು. 5.1 ಎಂಬುದು 3 ಮತ್ತು 4ರಂತೆ ಗ್ಲೈಕಾಲ್ ಜಾತಿಯದು. 5 ಸಿಲಿಕೋನ್ ಜಾತಿಯದು, ಸಾಮಾನ್ಯವಾಗಿ ನೇರಳೆ ಬಣ್ಣ. ಇದನ್ನು ಉಳಿದ ಯಾವುದರ ಜೊತೆಗೂ ಬೆರೆಸಬಾರದು. ದೊಡ್ಡ ನಂಬರ್ ಒಳ್ಳೆಯದಿರಬೇಕು ಎಂದು ಡಾಟ್ 5 ತಂದು ಸುರಿಯಬೇಡಿ.

ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಗ್ರೀಸ್ ಇವುಗಳ ಒಂದು ಹನಿಯೂ ಬ್ರೇಕಿನ ಒಳಗೆ ಹೋಗಕೂಡದು. ಒಳಗಿನ ರಬ್ಬರ್ ಸೀಲುಗಳು ನೆನೆದ ಕಡಲೆಯಂತೆ ಉಬ್ಬಿಬಿಡುತ್ತವೆ. ಯಾರೋ ಆಗಲೇ ಸುರಿದಿದ್ದಾರೆ ಎಂಬ ಅನುಮಾನ ಇದ್ದರೆ ಮುಚ್ಚಳದ ಕೆಳಗಿನ ರಬ್ಬರ್ ಹಾಳೆ ನೋಡಿ. ಅದು ಉಬ್ಬಿ, ಅಲೆಅಲೆಯಾಗಿ, ತನ್ನ ಜಾಗದಲ್ಲಿ ಕೂರದಂತಾಗಿದ್ದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್‌ಗಳ ಎಲ್ಲ ಸೀಲು ಮತ್ತು ಪೈಪುಗಳನ್ನು ಬದಲಿಸಲೇಬೇಕು. ಅಂಥ ಗಾಡಿಯನ್ನು ನೇರ ಮೆಕ್ಯಾನಿಕ್ ಹತ್ತಿರ ಕಳಿಸಿ, ಟ್ರೇಲರ್ ಮೇಲೆ.

ಬೇಕಾಗುವ ಸಾಮಾನು

ಸೀಲ್ ಒಡೆಯದ ಆಯಿಲ್ ಬಾಟಲಿ, 250 ಎಂಎಲ್‌ನದು ಎರಡು. ನಾಲ್ಕೂ ಚಕ್ರಕ್ಕೆ ಅಷ್ಟು ಸಾಕು. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ಎರಡು ತನ್ನಿ. ಸೀಲ್ ತೆಗೆದ ಕ್ಷಣದಿಂದ ಅದು ತೇವ ಹೀರತೊಡಗುತ್ತದೆ. ಹೋದ ವರ್ಷ ಅರ್ಧ ಉಳಿದಿದ್ದ ಬಾಟಲಿ ಶೆಡ್ಡಿನಲ್ಲಿ ಇದೆ ಎಂದರೆ ಅದನ್ನು ಬಳಸಬೇಡಿ.

8 ಮತ್ತು 10ರ ರಿಂಗ್ ಸ್ಪ್ಯಾನರ್. ಫಿಕ್ಸ್ ಸ್ಪ್ಯಾನರ್ ಬೇಡ, ಕಾರಣ ಮುಂದೆ ಹೇಳುತ್ತೇನೆ. ಒಳಗಿನ ತೂತು 5 ಎಂಎಂ ಇರುವ ಪಾರದರ್ಶಕ ಪೈಪು ಎರಡು ಮೂರು ಅಡಿ. ಮೀನಿನ ತೊಟ್ಟಿಗೆ ಗಾಳಿ ಬಿಡಲು ಬಳಸುವ ಪೈಪು ಬಿಗಿಯಾಗಿ ಕೂರುತ್ತದೆ, ಗಾರೆ ಕೆಲಸದವರ ಲೆವೆಲ್ ಪೈಪು ದೊಡ್ಡದಾಗುತ್ತದೆ. ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜು, ಸೂಜಿ ಇಲ್ಲದೆ. ಹಳೆ ಆಯಿಲ್ ಹಿಡಿಯಲು ಪಾರದರ್ಶಕ ಬಾಟಲಿ. ಸ್ಟಾರ್ ಸ್ಕ್ರೂಡ್ರೈವರ್, ಬ್ರೇಕ್ ಕ್ಲೀನರ್ ಸ್ಪ್ರೇ, ಜ್ಯಾಕು, ಗಟ್ಟಿ ಮರದ ದಿಮ್ಮಿಗಳು, ಹತ್ತಿ ಬಟ್ಟೆ, ಕೈಗವಸು, ಕನ್ನಡಕ. ಜೊತೆಗೆ ಒಂದು ಬಕೆಟ್ ನೀರು. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟು, ಪ್ಲಾಸ್ಟಿಕ್ ತಿಂದುಹಾಕುತ್ತದೆ. ಅದು ನೀರಿನಲ್ಲಿ ಕರಗುವುದರಿಂದ ಬಿದ್ದ ಕೂಡಲೇ ನೀರು ಸುರಿದು ಒರೆಸಿದರೆ ಏನೂ ಆಗದು. ಕಣ್ಣಿಗೆ ಹಾರಿದರೂ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು, ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು ಜೊತೆಗಿರಲಿ. ಒಬ್ಬರೇ ಮಾಡುವ ದಾರಿಯೂ ಇದೆ, ಮೊದಲ ಸಲಕ್ಕೆ ಇಬ್ಬರು ಒಳ್ಳೆಯದು.

ಹಂತ 1: ತೊಳೆದು, ಒಣಗಿಸಿ, ಎತ್ತಿ ನಿಲ್ಲಿಸಿ

ಹಿಂದಿನ ದಿನವೇ ಗಾಡಿ ತೊಳೆಯಿರಿ. ಕ್ಯಾಲಿಪರ್ ಸುತ್ತ, ಡಬ್ಬಿಯ ಸುತ್ತ ಕೆಸರಿನ ಕಣವೂ ಇರಬಾರದು, ಒಂದು ಹರಳು ಒಳಗೆ ಹೋದರೆ ಸೀಲನ್ನು ಗೀರುತ್ತದೆ. ಮಳೆ, ಮಂಜು ಇಲ್ಲದ ದಿನ ಆರಿಸಿಕೊಳ್ಳಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಫ್ರೇಮಿನ ಕೆಳಗೆ ದಿಮ್ಮಿ ಇಟ್ಟ ಮೇಲಷ್ಟೇ ಚಕ್ರ ಬಿಚ್ಚಿ. ಜ್ಯಾಕೊಂದನ್ನೇ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ.

ಚಕ್ರ ಬಿಚ್ಚಿದಾಗ ಪ್ಯಾಡ್ ನೋಡಿ. ಕಬ್ಬಿಣದ ತಗಡಿಗೆ ಅಂಟಿದ ಲೈನಿಂಗ್ 1 ಎಂಎಂ ಹತ್ತಿರ ಬಂದಿದ್ದರೆ ಈಗಲೇ ಬದಲಿಸಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಇದು ಸೋರಿಕೆಯಲ್ಲ. ಇದನ್ನು ತಿಳಿಯದೆ ಸವೆದ ಪ್ಯಾಡಿರುವಾಗ ಮೇಲಿನಿಂದ ಮೇಲೆ ಆಯಿಲ್ ತುಂಬಿಸಿದವರು, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಟ್ಯಾಂಕಿನ ಪೇಂಟ್ ಕಳೆದುಕೊಳ್ಳುತ್ತಾರೆ.

ಪಿಸ್ಟನ್ ಹಿಂದಕ್ಕೆ ತಳ್ಳುವುದಿದ್ದರೆ ನಿಪ್ಪಲ್ (ಕ್ಯಾಲಿಪರ್ ಮೇಲಿನ ತೂತಿರುವ ಸಣ್ಣ ಸ್ಕ್ರೂ, ಬಿಚ್ಚುವ ಬಗೆ ಹಂತ 2ರಲ್ಲಿದೆ) ಸ್ವಲ್ಪ ಬಿಚ್ಚಿ, ಅದಕ್ಕೆ ಪೈಪು ಹಾಕಿ ತಳ್ಳಿ. ಆಗ ಕ್ಯಾಲಿಪರ್ ಒಳಗಿನ ಕೊಳೆ ಮೇಲಿನ ಮಾಸ್ಟರ್ ಸಿಲಿಂಡರ್‌ಗೆ ಏರದೆ ಅಲ್ಲಿಂದಲೇ ಹೊರಗೆ ಬರುತ್ತದೆ. ತಳ್ಳಿದ ಕೂಡಲೇ ನಿಪ್ಪಲ್ ಬಿಗಿ ಮಾಡಿ.

ಹಂತ 2: ನಿಪ್ಪಲ್ ಬಿಚ್ಚುತ್ತದೆಯೇ ನೋಡಿ

ಡಬ್ಬಿ ತೆರೆಯುವ ಮುಂಚೆ ಇದನ್ನು ಮಾಡಿ. ಬ್ಲೀಡಿಂಗ್ ನಿಪ್ಪಲ್ ಎಂದರೆ ಕ್ಯಾಲಿಪರ್ ಮೇಲೆ ತೊಟ್ಟಿನಂತೆ ಎದ್ದಿರುವ, ನಡುವೆ ತೂತಿರುವ ಸಣ್ಣ ಸ್ಕ್ರೂ. ಅದರ ತಲೆಗೆ ರಬ್ಬರ್ ಟೊಪ್ಪಿ ಇರಬೇಕು. ತೋಟದ ಗಾಡಿಗಳಲ್ಲಿ ಈ ಟೊಪ್ಪಿ ಉಳಿದಿರುವುದು ಅಪರೂಪ. ಟೊಪ್ಪಿ ಹೋದ ನಿಪ್ಪಲ್ಲಿನ ತೂತಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತು, ಥ್ರೆಡ್ ತುಕ್ಕು ಹಿಡಿದಿರುತ್ತದೆ.

ಫಿಕ್ಸ್ ಸ್ಪ್ಯಾನರ್ ಬೇಡ ಎಂದದ್ದು ಇದಕ್ಕೆ. ಅದು ನಿಪ್ಪಲ್ಲಿನ ಎರಡು ಮೂಲೆಯನ್ನಷ್ಟೇ ಹಿಡಿಯುತ್ತದೆ, ಜೋರು ಮಾಡಿದರೆ ಮೂಲೆ ಉರುಟಾಗುತ್ತದೆ. ಆರು ಮೂಲೆಯ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಇದ್ದರೆ ಇನ್ನೂ ಉತ್ತಮ. ಬರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಿಪ್ಪಲ್ಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕೈದು ಏಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಲು ನೋಡಿ. ಸ್ಪ್ರೇ ಪ್ಯಾಡಿಗೆ, ಡಿಸ್ಕಿಗೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಿರಿ. ಅಷ್ಟಕ್ಕೂ ಬರಲಿಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ. ಮುರಿದ ನಿಪ್ಪಲ್ ತೆಗೆಯುವುದು ಲೇತ್ ಅಂಗಡಿಯವರ ಕೆಲಸವಾಗುತ್ತದೆ, ಎಷ್ಟೋ ಸಲ ಕ್ಯಾಲಿಪರ್ರೇ ಹೋಗುತ್ತದೆ.

ನಿಪ್ಪಲ್ ಬಂತೆಂದರೆ ತೂತಿನ ಮಣ್ಣನ್ನು ತಂತಿಯಿಂದ ಬಿಡಿಸಿ, ಒರೆಸಿ, ಮತ್ತೆ ಮುಚ್ಚಿಡಿ. ಹೊಸ ನಿಪ್ಪಲ್ ಸಿಕ್ಕರೆ ಹಾಕಿಬಿಡಿ.

ಹಂತ 3: ಡಬ್ಬಿ ತೆರೆದು ಹಳೆ ಆಯಿಲ್ ತೆಗೆಯಿರಿ

ಹ್ಯಾಂಡಲ್ ತಿರುಗಿಸಿ ಡಬ್ಬಿ ಸಮತಲಕ್ಕೆ ಬರುವಂತೆ ಮಾಡಿ. ಸುತ್ತ ಒದ್ದೆ ಬಟ್ಟೆ ಹಾಸಿ. ಮುಚ್ಚಳದ ಎರಡು ಸ್ಟಾರ್ ಸ್ಕ್ರೂಗಳ ತಲೆ ಬಹಳ ಮೆತ್ತಗೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಂಬದಿಗೆ ಒಂದು ಏಟು ಕೊಟ್ಟು, ಒತ್ತಿ ಹಿಡಿದೇ ತಿರುಗಿಸಿ. ಜಾರಲು ಬಿಟ್ಟರೆ ಒಂದೇ ಸಲಕ್ಕೆ ತಲೆ ಸವೆದು ಬಟ್ಟಲಾಗುತ್ತದೆ.

ಮುಚ್ಚಳ, ರಬ್ಬರ್ ಹಾಳೆ ತೆಗೆದು ಸಿರಿಂಜಿನಿಂದ ಹಳೆ ಆಯಿಲ್ ಹೀರಿ. ತಳ ಕಾಣುವವರೆಗೂ ಹೀರಬೇಡಿ, ತೆಳುವಾಗಿ ಒಂದು ಪದರ ಉಳಿದಿರಲಿ. ತಳದಲ್ಲಿ ಎರಡು ತೂತುಗಳಿವೆ, ಅವು ಗಾಳಿಗೆ ತೆರೆದುಕೊಂಡರೆ ಏರ್ ಒಳಹೋಗುತ್ತದೆ. ಎರಡರಲ್ಲಿ ಒಂದು ಸೂಜಿಮೊನೆಯಷ್ಟು ಸಣ್ಣದು. ಬ್ರೇಕ್ ಬಿಟ್ಟಾಗ ಆಯಿಲ್ ವಾಪಸಾಗುವ ದಾರಿ ಅದು. ಅದು ಕಟ್ಟಿಕೊಂಡರೆ ಬ್ರೇಕ್ ಬಿಟ್ಟರೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಹಾಗಾಗಿ ತಳದ ಗಸಿಯನ್ನು ನೂಲು ಬಿಡದ ಬಟ್ಟೆಯಿಂದ ಹುಷಾರಾಗಿ ಒರೆಸಿ ತೆಗೆಯಿರಿ. ಆಮೇಲೆ ಮೇಲಿನ ಗೆರೆಯವರೆಗೆ ಹೊಸ ಆಯಿಲ್ ಹಾಕಿ, ಮುಚ್ಚಳ ಸುಮ್ಮನೆ ಮೇಲಿಡಿ. ತೆರೆದಿಟ್ಟು ಲಿವರ್ ಒತ್ತಿದರೆ ಆ ಸಣ್ಣ ತೂತಿನಿಂದ ಆಯಿಲ್ ಕಾರಂಜಿಯಂತೆ ಚಿಮ್ಮುತ್ತದೆ.

ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ಡಬ್ಬಿಯಲ್ಲಿ ಹೊಸ ಆಯಿಲ್ ಕಂಡಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಒಂದು ಗಾಡಿಯ ಡಬ್ಬಿ ತೆರೆದಾಗ ಆಯಿಲ್ ತಿಳಿಜೇನಿನಂತಿತ್ತು. ಹಿಂದಿನ ಎಡ ನಿಪ್ಪಲ್ ಬಿಚ್ಚಿದಾಗ ಪೈಪಿನಲ್ಲಿ ಇಳಿದದ್ದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು ದ್ರವ, ನಡುನಡುವೆ ತುಕ್ಕಿನ ಚೂರು. ಕಾವು ಹತ್ತುವುದು ಕ್ಯಾಲಿಪರ್‌ನಲ್ಲಿ, ನೀರು ಆವಿಯಾಗುವುದೂ ಅಲ್ಲಿ. ಹೊಸ ಆಯಿಲ್ ಅಲ್ಲಿಯವರೆಗೆ ತಲುಪದಿದ್ದರೆ ಡಬ್ಬಿಯಲ್ಲಿ ಏನಿದ್ದರೂ ಒಂದೇ.

ಹಂತ 4: ಏರ್ ತೆಗೆಯುವುದು

ಯಾವ ಚಕ್ರ ಮೊದಲು? ಕೈಪಿಡಿ ಇದ್ದರೆ ಅದರಲ್ಲಿರುವಂತೆ. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನಿಂದ ಪೈಪಿನ ದಾರಿಯಲ್ಲಿ ಅತಿ ದೂರದ ಕ್ಯಾಲಿಪರ್ ಮೊದಲು, ಹತ್ತಿರದ್ದು ಕೊನೆಗೆ. ಕಣ್ಣಳತೆಯ ದೂರ ಬೇಡ, ಪೈಪನ್ನೇ ಕೈಯಲ್ಲಿ ಹಿಡಿದು ಹಿಂಬಾಲಿಸಿ.

ನಿಮ್ಮ ಗಾಡಿಯ ಬ್ರೇಕು ಯಾವ ಬಗೆಯದು ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಕೆಲವು ಎಟಿವಿಗಳಲ್ಲಿ ಕೈಯ ಲಿವರ್ ಮುಂದಿನ ಎರಡಕ್ಕೆ, ಕಾಲಿನ ಪೆಡಲ್ ಹಿಂದಕ್ಕೆ. ಇನ್ನು ಕೆಲವಲ್ಲಿ ಒಂದೇ ಲಿವರ್ ನಾಲ್ಕೂ ಚಕ್ರ ಹಿಡಿಯುತ್ತದೆ, ಪೆಡಲ್‌ಗೆ ಬೇರೆ ಮಾಸ್ಟರ್ ಸಿಲಿಂಡರ್, ಬೇರೆ ಡಬ್ಬಿ. ಪೆಡಲಿನ ಡಬ್ಬಿ ಪ್ಲಾಸ್ಟಿಕ್ ಕವರಿನ ಹಿಂದೆ ಅಡಗಿರುವುದರಿಂದ ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಡ್ರಮ್ ಬ್ರೇಕು, ಕೇಬಲ್ ಇರುವ ಮಕ್ಕಳ ಸಣ್ಣ ಗಾಡಿಗಳಿಗೆ ಆಯಿಲೇ ಇರುವುದಿಲ್ಲ, ಅವಕ್ಕೆ ಈ ಲೇಖನ ಅನ್ವಯಿಸದು.

ನಿಪ್ಪಲ್ ಮೇಲೆ ಮೊದಲು ರಿಂಗ್ ಸ್ಪ್ಯಾನರ್ ಕೂರಿಸಿ, ಆಮೇಲೆ ಪೈಪು ಹಾಕಿ. ಪೈಪು ಮೊದಲು ಹಾಕಿದರೆ ಸ್ಪ್ಯಾನರ್ ಹೋಗುವುದಿಲ್ಲ. ಪೈಪನ್ನು ನಿಪ್ಪಲ್ಲಿನಿಂದ ಒಂದು ಗೇಣು ಮೇಲಕ್ಕೆ ಏರಿಸಿ, ಬಳಸಿ, ಕೆಳಗಿನ ಬಾಟಲಿಗೆ ಬಿಡಿ. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಹೊಸ ಆಯಿಲ್ ಹಾಕಿ ಪೈಪಿನ ತುದಿ ಅದರಲ್ಲಿ ಮುಳುಗಿರಲಿ. ಗುಳ್ಳೆ ಮೇಲಕ್ಕೆ ಹೋಗುತ್ತದೆ, ವಾಪಸು ಕ್ಯಾಲಿಪರ್‌ಗೆ ಬರುವುದಿಲ್ಲ.

ಈಗ ಒಬ್ಬರು ಲಿವರ್ ಹತ್ತಿರ, ಒಬ್ಬರು ನಿಪ್ಪಲ್ ಹತ್ತಿರ. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿ:

ಲಿವರ್ ಹತ್ತಿರ ಇರುವವರು ನಿಧಾನ ಮೂರು ನಾಲ್ಕು ಸಲ ಪಂಪ್ ಮಾಡಿ, ಒತ್ತಿ ಹಿಡಿದು, "ಒತ್ತಿದೆ" ಅನ್ನಬೇಕು.

ಕೆಳಗಿರುವವರು "ಬಿಚ್ಚಿದೆ" ಎನ್ನುತ್ತ ನಿಪ್ಪಲ್ಲನ್ನು ಕಾಲು ಸುತ್ತು ತಿರುಗಿಸಬೇಕು. ಆಯಿಲ್ ಪೈಪಿಗೆ ನುಗ್ಗುತ್ತದೆ, ಲಿವರ್ ಕೆಳಗೆ ಹೋಗುತ್ತದೆ. ಒತ್ತಿದವರು ಬಿಡಬಾರದು.

ಲಿವರ್ ತಳ ಮುಟ್ಟುವ ಸ್ವಲ್ಪ ಮೊದಲೇ ನಿಪ್ಪಲ್ ಬಿಗಿ ಮಾಡಿ "ಮುಚ್ಚಿದೆ, ಬಿಡು" ಅನ್ನಬೇಕು. ಆಗಷ್ಟೇ ಲಿವರ್ ಬಿಡುವುದು.

ಇಡೀ ಕೆಲಸದ ಜೀವ ಈ ಕೊನೆಯ ಹೆಜ್ಜೆಯಲ್ಲಿದೆ. ನಿಪ್ಪಲ್ ತೆರೆದಿರುವಾಗಲೇ ಲಿವರ್ ಬಿಟ್ಟರೆ ಥ್ರೆಡ್ಡಿನ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ತೆಗೆದದ್ದೆಲ್ಲ ವಾಪಸು. ಇಬ್ಬರಲ್ಲಿ ಒಬ್ಬರು ಫೋನಿನಲ್ಲಿ ಮಾತಾಡುತ್ತ ಮಾಡುವ ಕೆಲಸ ಇದಲ್ಲ.

ಲಿವರನ್ನು ಹ್ಯಾಂಡಲ್ ಮುಟ್ಟುವವರೆಗೂ ಒತ್ತದಂತೆ, ನಡುವೆ ಹೆಬ್ಬೆರಳು ದಪ್ಪದ ಮರದ ತುಂಡು ಇಡಿ. ಹಳೆ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನಾ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಗಸಿ ಕಟ್ಟಿರುತ್ತದೆ. ಸೀಲನ್ನು ಅಲ್ಲಿಗೆ ತಳ್ಳಿದರೆ ಹರಿಯುತ್ತದೆ. "ಆಯಿಲ್ ಬದಲಿಸಿದ ಮೇಲೇ ಬ್ರೇಕ್ ಹೋಯಿತು" ಎನ್ನುವವರಲ್ಲಿ ಹಲವರ ಗಾಡಿಗೆ ಆಗಿದ್ದು ಇದೇ.

ಐದಾರು ಸುತ್ತಿಗೊಮ್ಮೆ ಡಬ್ಬಿ ನೋಡಿ, ಅರ್ಧಕ್ಕಿಂತ ಕೆಳಗಿಳಿಯುವ ಮುಂಚೆ ತುಂಬಿ. ಡಬ್ಬಿ ಒಮ್ಮೆ ಖಾಲಿಯಾಯಿತೆಂದರೆ ಮಾಸ್ಟರ್ ಸಿಲಿಂಡರ್‌ಗೇ ಗಾಳಿ ನುಗ್ಗುತ್ತದೆ, ಮೊದಲಿನಿಂದ ಶುರು ಮಾಡಬೇಕು. ಬಾಟಲಿಗೆ ಬಿದ್ದ ಆಯಿಲನ್ನು ಎಂದೂ ಮತ್ತೆ ಡಬ್ಬಿಗೆ ಹಾಕಬೇಡಿ, ಎಷ್ಟು ತಿಳಿಯಾಗಿ ಕಂಡರೂ ಸರಿಯೇ.

ಪೈಪಿನಲ್ಲಿ ಮೊದಲು ಕಪ್ಪು, ಆಮೇಲೆ ಕಂದು, ಕೊನೆಗೆ ತಿಳಿ ಹಳದಿ ಬರುತ್ತದೆ. ಬಣ್ಣ ಬಾಟಲಿಯ ಹೊಸ ಆಯಿಲಿನಂತಾಗಿ, ಗುಳ್ಳೆ ನಿಂತ ಮೇಲೂ ಇನ್ನೂ ನಾಲ್ಕು ಸುತ್ತು ಮಾಡಿ. ನಿಪ್ಪಲ್ ಬಿಗಿ ಮಾಡುವಾಗ ಉದ್ದ ಸ್ಪ್ಯಾನರಿಗೆ ನೇತಾಡಬೇಡಿ. ಅದಕ್ಕೆ ಬೇಕಾದ ಬಿಗಿ ಸಾಮಾನ್ಯವಾಗಿ ಐದಾರು ನ್ಯೂಟನ್ ಮೀಟರ್ ಅಷ್ಟೇ. ಸ್ಪ್ಯಾನರನ್ನು ತಲೆಯ ಹತ್ತಿರ ಎರಡೇ ಬೆರಳಲ್ಲಿ ಹಿಡಿದು ಬಿಗಿ ಮಾಡಿದರೆ ಸಾಕು. ಒರೆಸಿ, ಟೊಪ್ಪಿ ಹಾಕಿ, ಮುಂದಿನ ಚಕ್ರಕ್ಕೆ ಹೋಗಿ. ಒಂದೇ ಕ್ಯಾಲಿಪರ್‌ಗೆ ಎರಡು ನಿಪ್ಪಲ್ ಇದ್ದರೆ ಎರಡನ್ನೂ ಮಾಡಬೇಕು.

ಒಬ್ಬರೇ ಇದ್ದೀರಾ? ಒಂದೇ ಕಡೆಗೆ ಬಿಡುವ ಸಣ್ಣ ವಾಲ್ವ್ ಇರುವ ಬ್ಲೀಡಿಂಗ್ ಪೈಪು ಸಿಗುತ್ತದೆ. ನಿಪ್ಪಲ್ಲನ್ನು ಸ್ವಲ್ಪವೇ ಬಿಚ್ಚಿ, ನಿಧಾನ ಪಂಪ್ ಮಾಡುತ್ತ ಹೋಗಬಹುದು. ವ್ಯಾಕ್ಯೂಮ್ ಪಂಪಿನಿಂದ ಕೆಳಗಿನಿಂದ ಎಳೆಯುವವರೂ ಇದ್ದಾರೆ. ಅದರಲ್ಲಿ ನಿಪ್ಪಲ್ಲಿನ ಥ್ರೆಡ್ ಸುತ್ತಲಿನ ಗಾಳಿಯೂ ಸೇರಿಬಂದು ಗುಳ್ಳೆ ನಿಲ್ಲುವುದೇ ಇಲ್ಲ ಎನಿಸುತ್ತದೆ, ಗಾಬರಿ ಬೇಡ. ಸಿರಿಂಜಿನಿಂದ ಕೆಳಗಿನಿಂದ ಮೇಲಕ್ಕೆ ಹೊಸ ಆಯಿಲ್ ತಳ್ಳುವ ಉಪಾಯ ಮೊಂಡು ಗುಳ್ಳೆ ತೆಗೆಯಲು ಒಳ್ಳೆಯದು. ಆದರೆ ಹಳೆ ಕೊಳೆಯೆಲ್ಲ ಹೊರಬಂದ ಮೇಲಷ್ಟೇ ಹಾಗೆ ಮಾಡಿ, ಇಲ್ಲವಾದರೆ ಅದನ್ನು ನೀವೇ ಮಾಸ್ಟರ್ ಸಿಲಿಂಡರ್‌ಗೆ ಹತ್ತಿಸಿದಂತಾಗುತ್ತದೆ. ಡಬ್ಬಿ ಉಕ್ಕದಂತೆಯೂ ನೋಡಿಕೊಳ್ಳಿ.

ಹಂತ 5: ಕೈಯಲ್ಲಿ ಪರೀಕ್ಷೆ

ಡಬ್ಬಿಯ ಆಯಿಲನ್ನು ಮೇಲಿನ ಗೆರೆಗೆ ಸರಿಮಾಡಿ, ರಬ್ಬರ್ ಹಾಳೆಯನ್ನು ಮಡಿಕೆ ಇಲ್ಲದೆ ಕೂರಿಸಿ, ಮುಚ್ಚಳ ಹಾಕಿ. ಲಿವರ್ ಕಲ್ಲಿನಂತೆ ಒಂದು ಜಾಗದಲ್ಲಿ ನಿಲ್ಲಬೇಕು. ಜೋರಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ನಿಧಾನ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೀಲು ಹೋಗಿದೆ. ಪ್ರತಿ ನಿಪ್ಪಲ್, ಪ್ರತಿ ಪೈಪಿನ ಸೇರುವೆಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ, ಒದ್ದೆಯಾದರೆ ಅಲ್ಲಿ ಸೋರಿಕೆ.

ಸ್ವಲ್ಪವೇ ಮೆತ್ತಗೆ ಅನಿಸುತ್ತಿದ್ದರೆ ಸೈಕಲ್ ಟ್ಯೂಬ್ ಕತ್ತರಿಸಿ, ಲಿವರನ್ನು ಒತ್ತಿ ಹ್ಯಾಂಡಲ್‌ಗೆ ಕಟ್ಟಿ ರಾತ್ರಿ ಬಿಡಿ. ಪೈಪಿನ ಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳು ಮೇಲೇರಿ, ಬೆಳಿಗ್ಗೆ ಲಿವರ್ ಬಿಟ್ಟಾಗ ಡಬ್ಬಿಗೆ ಹೋಗುತ್ತವೆ. ಎಷ್ಟೋ ಸಲ ಇದರಿಂದ ಕೆಲಸವಾಗುತ್ತದೆ. ಆಗಲಿಲ್ಲವಾದರೆ ಹಂತ 4ನ್ನು ಇನ್ನೊಮ್ಮೆ ಮಾಡಿ.

ಅದಾದ ಮೇಲೂ ಗಟ್ಟಿಯಾಗದಿದ್ದರೆ ಇವನ್ನು ನೋಡಿ. ನಿಪ್ಪಲ್ ಕ್ಯಾಲಿಪರ್‌ನ ಮೇಲ್ತುದಿಯಲ್ಲಿದೆಯೇ? ಹಿಂದೆ ಯಾರಾದರೂ ಎಡ ಬಲ ಕ್ಯಾಲಿಪರ್ ಅದಲುಬದಲು ಕೂರಿಸಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ. ಗಾಳಿ ಮೇಲೆಯೇ ಉಳಿಯುತ್ತದೆ, ಎಷ್ಟು ಬಾಟಲಿ ಸುರಿದರೂ ಏರ್ ಹೋಗುವುದಿಲ್ಲ. ರಬ್ಬರ್ ಪೈಪು ಲಿವರ್ ಒತ್ತಿದಾಗ ಕಣ್ಣಿಗೆ ಕಾಣುವಂತೆ ಉಬ್ಬುತ್ತದೆಯೇ? ಡಿಸ್ಕ್ ಸೊಟ್ಟಗಾಗಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆಯೇ? ಚಕ್ರದ ಬೇರಿಂಗ್ ಆಡುತ್ತಿದೆಯೇ? ಇವಲ್ಲಿ ಯಾವುದಿದ್ದರೂ ಮೆಕ್ಯಾನಿಕ್ ನೋಡಲಿ, ಅಲ್ಲಿಯವರೆಗೆ ಗಾಡಿಯ ಕೀಲಿ ಒಳಗಿಡಿ.

ಹಂತ 6: ಓಡಿಸಿ ನೋಡುವುದು

ಎಲ್ಲ ಕ್ಯಾಲಿಪರ್‌ಗಳ ಮೇಲೆ ನೀರು ಸುರಿದು ಚೆಲ್ಲಿದ ಆಯಿಲ್ ತೊಳೆಯಿರಿ. ಡಿಸ್ಕು ಒಣಗಿದ ಮೇಲೆ ಬ್ರೇಕ್ ಕ್ಲೀನರಿನಿಂದ ಒರೆಸಿ. ಪ್ಯಾಡಿಗೇ ಆಯಿಲ್ ಇಳಿದಿದ್ದರೆ ಉಜ್ಜಿ ಸರಿಮಾಡಲು ಹೋಗಬೇಡಿ, ಹೊಸದು ಹಾಕಿ. ಚಕ್ರ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಇಳಿಸುವ ಮುಂಚೆ ಒಬ್ಬರು ಬ್ರೇಕ್ ಹಿಡಿದು, ಇನ್ನೊಬ್ಬರು ಪ್ರತಿ ಚಕ್ರ ತಿರುಗಿಸಿ ನೋಡಿ: ಹಿಡಿದಾಗ ಅಲುಗಬಾರದು, ಬಿಟ್ಟಾಗ ಸರಾಗ ತಿರುಗಬೇಕು.

ಪಿಸ್ಟನ್ ಹಿಂದಕ್ಕೆ ತಳ್ಳಿದ್ದರೆ ಮೊದಲ ಕೆಲವು ಒತ್ತಿಗೆ ಲಿವರ್ ಪೂರ್ತಿ ಹೋಗುತ್ತದೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಪಂಪ್ ಮಾಡಿ ಗಟ್ಟಿ ಮಾಡಿಕೊಳ್ಳಿ. ಮೊದಲ ಓಟ ಅಂಗಳದಲ್ಲಿ, ನಡಿಗೆಯ ವೇಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಒಬ್ಬರೇ. ಆಮೇಲೆ ಸ್ವಲ್ಪ ವೇಗದಲ್ಲಿ ಏಳೆಂಟು ಸಲ ನಿಲ್ಲಿಸಿ ನೋಡಿ. ಇಳಿಜಾರು, ಹೊರೆ, ಅತಿಥಿಗಳು ಎಲ್ಲ ಮರುದಿನ ಬೆಳಿಗ್ಗೆ ಲಿವರ್ ಇನ್ನೊಮ್ಮೆ ಒತ್ತಿ, ಡಬ್ಬಿಯ ಮಟ್ಟ ನೋಡಿದ ಮೇಲೆ.

ಒಂದು ಸ್ಟಿಕ್ಕರ್ ಮೇಲೆ ತಾರೀಕು, ಮೀಟರಿನ ಗಂಟೆ, ಹಾಕಿದ ಆಯಿಲಿನ ದರ್ಜೆ ಬರೆದು ಸೀಟಿನ ಕೆಳಗೆ ಅಂಟಿಸಿ.

ಹಳೆ ಆಯಿಲನ್ನು ಕಾಫಿ ಗಿಡದ ಬುಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ನಮ್ಮ ಕಡೆಯ ಹಳ್ಳಗಳ ನೀರು ಹೇಮಾವತಿಗೆ, ತುಂಗೆಗೆ, ಕಾವೇರಿಗೆ ಹೋಗಿ ಸೇರುತ್ತದೆ. ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆ ಡಬ್ಬಿಯಲ್ಲಿ ಮುಚ್ಚಿ, ಹಳೆ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ. ಕೊಡುವವರೆಗೂ ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ಇಡಬೇಡಿ. ನೋಡಲು ಶರಬತ್ತಿನಂತೆಯೇ ಇರುವ ವಿಷ ಅದು. ದಪ್ಪ ಅಕ್ಷರದಲ್ಲಿ "ಬ್ರೇಕ್ ಆಯಿಲ್, ವಿಷ" ಎಂದು ಬರೆದು, ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲಿಡಿ.